ಫ್ಯಾಟ್, ವ್ಯಾಟ್, ಬಾನಿ

ಇಂಗ್ಲಿಷಿನಲ್ಲಿ 'ವ್ಯಾಟ್' ಅಂತ ಒಂದು ಪದ ಇದೆ. ಅಂದ್ರೆ ದೊಡ್ಡ ಬಾನಿ. ಬಟ್ಟೆಗೆ ಬಣ್ಣ ಹಾಕೋರು, ಚರ್ಮ ಹದ ಮಾಡೋರು ಬಳಸುವ ಪಾತ್ರೆ. ಮೊದಲು ಇದನ್ನು 'ಫ್ಯಾಟ್' ಅಂತಿದ್ದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಹಾಗೇ ಇದೆ. (ಕೊಬ್ಬು ಅನ್ನೋ 'ಫ್ಯಾಟ್' ಬೇರೆ.) ಇಂಗ್ಲೆಂಡಿನ ದಕ್ಷಿಣದ ಹಳ್ಳಿಯವರು 'ಫ'ವನ್ನು 'ವ' ಅಂತಿದ್ದರು. ಕೊನೆಗೆ ಅವರ ಮಾತೇ ನಿಂತಿತು. ಗಂಡು ನರಿ 'ಫಾಕ್ಸ್', ಹೆಣ್ಣು ನರಿ 'ವಿಕ್ಸನ್' ಆಗಿದ್ದೂ ಹೀಗೇ. ನಗಬೇಡಿ! ನಮ್ಮಲ್ಲೂ 'ಪಾಲ್' ಹೋಗಿ 'ಹಾಲು' ಆಯಿತು, 'ಪಳ್ಳಿ' ಹೋಗಿ 'ಹಳ್ಳಿ' ಆಯಿತು.

ಬೆಂಗಳೂರಿನ ನಗರ್ತಪೇಟೆ ಕೇಳಿದ್ದೀರಲ್ಲ? ಧರ್ಮರಾಯನ ಗುಡಿ ಇರೋದು, ಕರಗ ಹೊರಡೋದು ಅಲ್ಲಿಂದಲೇ. ನಗರ್ತ ವ್ಯಾಪಾರಿಗಳಿಂದ ಆ ಹೆಸರು ಬಂತು. ಸುತ್ತಲಿನ ಹಳೇ ಪೇಟೆಯಲ್ಲಿ ಹಿಂದೆ ನೇಕಾರರು ಬಹಳ ಇದ್ದರು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಬೆಂಗಳೂರಿಗೆ ಬಂದು, ಇಲ್ಲಿನ ರೇಷ್ಮೆ ನೇಕಾರರು ತಾವೇ ಬಣ್ಣ ಹಾಕುವುದನ್ನು ಬರೆದಿಟ್ಟರು. ಅರಗಿನಿಂದ ಕೆಂಪು, ಅರಿಶಿನದಿಂದ ಹಳದಿ.

ಅಂಥ ಬಣ್ಣಕ್ಕೆ ಯಾವ ಪಾತ್ರೆಯಾದರೂ ನಡೆಯುತ್ತೆ. ಆದರೆ ನೀಲಿ ಗಿಡದ ಬಣ್ಣಕ್ಕೆ ಬಾನಿಯೇ ಬೇಕು. ಯಾಕೆ ಗೊತ್ತಾ? ನೀಲಿ ನೀರಿನಲ್ಲಿ ಕರಗೋದಿಲ್ಲ. ಅದಕ್ಕೆ ಸುಣ್ಣದ ತಿಳಿ, ಬೇಯಿಸಿದ ತಗಚೆ ಬೀಜ ಸೇರಿಸಿ, ನೆಲದಲ್ಲಿ ಹೂತ ಬಾನಿಯಲ್ಲಿ ಹುಳಿ ಬರಿಸುತ್ತಾರೆ. ಹೂತರೆ ಬಾನಿ ಬೆಚ್ಚಗಿರುತ್ತೆ. ಕಣ್ಣಿಗೆ ಕಾಣದ ಜೀವಿಗಳು ಒಳಗಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಆಗ ನೀಲಿ ಕರಗಿ ನೀರು ಹಳದಿ ಹಸಿರಾಗುತ್ತೆ. ಅದ್ದಿ ತೆಗೆದ ಬಟ್ಟೆಯೂ ಹಸಿರೇ! ಗಾಳಿ ತಾಗಿದ ಕೂಡಲೇ ಕಣ್ಣೆದುರೇ ನೀಲಿಯಾಗುತ್ತೆ. ಮತ್ತೆ ಸುಲಭಕ್ಕೆ ಹೋಗೋದಿಲ್ಲ.

1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರಾಟಕ್ಕೆ ಬಂತು. ನೀಲಿ ಬೆಳೆಯೋರು ಕಡಿಮೆಯಾದರು. ಆದರೂ ವಿಜ್ಞಾನದ ಪುಸ್ತಕಗಳು ಈ ಜಾತಿಯ ಬಣ್ಣಗಳನ್ನು ಇವತ್ತಿಗೂ 'ವ್ಯಾಟ್ ಬಣ್ಣ' ಅಂತಲೇ ಕರೆಯುತ್ತವೆ. ಹಳೇ ಬಾನಿ ಹೋದರೂ ಅವರ ಪದ ಉಳಿಯಿತು.

ನಮ್ಮದು? ಬಾನಿಯ ಜಾಗಕ್ಕೆ ಪ್ಲಾಸ್ಟಿಕ್ ಡ್ರಮ್ ಬಂತು. ಈಗ ಎಲ್ಲದಕ್ಕೂ 'ಡ್ರಮ್ಮು' ಅಂತೀವಿ. ಆದರೆ ನೀರಿನ ಹರವಿ ಬೇರೆ, ಬೆಲ್ಲ ಕಾಯಿಸೋ ಕೊಪ್ಪರಿಗೆ ಬೇರೆ, ಗುಡಾಣ ಬೇರೆ. ಪಾತ್ರೆ ಒಡೆದರೆ ಮತ್ತೊಂದು ತರಬಹುದು. ಪದ ಮರೆತರೆ ಅದರ ಹಿಂದಿದ್ದ ಕೆಲಸವೂ ಮರೆತುಹೋಗುತ್ತೆ.

ಅದಕ್ಕೇ ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿ. ಹಳೇ ಪಾತ್ರೆಯ ಹೆಸರು, ಅದರಲ್ಲಿ ಮಾಡುತ್ತಿದ್ದ ಕೆಲಸ, ಎರಡನ್ನೂ ಕೆಳಗಿನ ಖಾಲಿ ಹಾಳೆಯಲ್ಲಿ ಬರೆಯಿರಿ. ಗುರುಗಳೂ ಬರೆಯಬಹುದು!