ಕರುಳಿಗೆ ‘ಸಡಿಲಾಗು’ ಎಂದವರು ಯಾರು?

ತಿಂದ ಅನ್ನ ಕರುಳಿನಲ್ಲಿ ಮುಂದೆ ಸಾಗಬೇಕಾದರೆ ಹಿಂದಿನ ಭಾಗ ಬಿಗಿಯಬೇಕು. ಇದು ಯಾರಿಗಾದರೂ ಹೊಳೆಯುತ್ತದೆ. ಅದೇ ಹೊತ್ತಿಗೆ ಮುಂದಿನ ಭಾಗ ಸಡಿಲಾಗಿ ದಾರಿ ಬಿಡಬೇಕು ಎಂಬುದು ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ. ಅದನ್ನು ನಿಯಮವಾಗಿ ನಿಲ್ಲಿಸಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ಬೇಲಿಸ್ ಮತ್ತು ಅವರ ಹೆಂಡತಿಯ ಸಹೋದರ ಅರ್ನೆಸ್ಟ್ ಸ್ಟಾರ್ಲಿಂಗ್. 1899ರಲ್ಲಿ ಪ್ರಕಟವಾದ ಅವರ ಪ್ರಯೋಗ ನಡೆದದ್ದು ನಾಯಿಯ ಮೇಲೆ.

ಅರಿವಳಿಕೆ ಕೊಟ್ಟ ನಾಯಿಯನ್ನು ಬೆಚ್ಚನೆಯ ಉಪ್ಪುನೀರಿನಲ್ಲಿರಿಸಿ, ಕರುಳಿನೊಳಗೆ ಪುಟ್ಟ ಬಲೂನು ತೂರಿಸಿ ಅದರ ಏರಿಳಿತವನ್ನು ದಾಖಲಿಸಿದರು. ಕರುಳನ್ನು ಒಂದೆಡೆ ಚಿವುಟಿದರೆ ಮೇಲ್ಭಾಗ ಬಿಗಿಯುತ್ತಿತ್ತು, ಕೆಳಭಾಗ ಸಡಿಲಾಗುತ್ತಿತ್ತು. ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದ ಮೇಲೂ ಅದು ನಿಲ್ಲಲಿಲ್ಲ. ಅಂದರೆ ಅಪ್ಪಣೆ ಹೊರಡುತ್ತಿದ್ದದ್ದು ಕರುಳಿನ ಗೋಡೆಯೊಳಗಿನ ನರಜಾಲದಿಂದಲೇ.

ಬಿಗಿಯುವ ಸಂದೇಶ ಒಯ್ಯುವುದು ಮುಖ್ಯವಾಗಿ ಅಸಿಟೈಲ್‌ಕೋಲಿನ್ ಎಂಬುದು ಮುಂದೆ ತಿಳಿಯಿತು. ಸಡಿಲಿಸುವುದು ಯಾವುದು? ಅಡ್ರಿನಲಿನ್ ಬಗೆಯ ವಸ್ತುಗಳೇ ಎನ್ನೋಣವೆಂದರೆ, ಅವುಗಳ ಕೆಲಸವನ್ನು ಔಷಧಿಯಿಂದ ತಡೆದರೂ ಕರುಳು ಸಡಿಲಾಗುತ್ತಲೇ ಇತ್ತು. 1960ರ ದಶಕದಲ್ಲಿ ಮೆಲ್ಬರ್ನ್‌ನ ಜೆಫ್ರಿ ಬರ್ನ್‌ಸ್ಟಾಕ್ ಮತ್ತು ಸಂಗಡಿಗರು ಗಿನಿಯಿಲಿಯ ಕರುಳಿನಲ್ಲಿ ಇದನ್ನು ತೋರಿಸಿದರು. ಜೀವಕೋಶಗಳ ಇಂಧನವೆಂದು ಹೆಸರಾದ ಎಟಿಪಿಯೇ ಆ ಸಂದೇಶವಾಹಕ ಎಂದು ಬರ್ನ್‌ಸ್ಟಾಕ್ ವಾದಿಸಿದಾಗ ನಂಬಿದವರು ಕಡಿಮೆ. ವಿಐಪಿ ಎಂಬ ಪೆಪ್ಟೈಡಿನ ಹೆಸರೂ ಕೇಳಿಬಂತು.

ಗಂಟು ಸಡಿಲಿಸಿದ ಪ್ರಯೋಗ 1990ರದ್ದು, ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಬಂದದ್ದು. ಅದರ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ. ನಾಯಿಯ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದ ಒಂದು ತುಣುಕು. ಅದರ ನರಗಳನ್ನು ಪ್ರಚೋದಿಸಿ, ಅದರ ಮೇಲೆ ಹರಿದ ದ್ರವವನ್ನು ಒಳಪದರ ತೆಗೆದ ಮೊಲದ ರಕ್ತನಾಳದ ಮೇಲೆ ಹರಿಸಿದರು. ರಕ್ತನಾಳ ಸಡಿಲಾಯಿತು! ದ್ರವದಲ್ಲಿ ಏನೋ ಇತ್ತು, ಆದರೆ ಅದಕ್ಕೆ ಕ್ಷಣಗಳ ಆಯುಸ್ಸು. ಹಿಮೋಗ್ಲೋಬಿನ್ ಸೇರಿಸಿದರೆ ಪರಿಣಾಮ ಮಾಯ. ಆ ಗುಣಗಳೆಲ್ಲ ನೈಟ್ರಿಕ್ ಆಕ್ಸೈಡ್‌ಗೆ ಹೊಂದುತ್ತಿದ್ದವು. ಅದೊಂದು ಅನಿಲ. ಉಳಿದ ಸಂದೇಶವಾಹಕಗಳಂತೆ ನರತುದಿಯ ಚೀಲಗಳಲ್ಲಿ ಕೂಡಿಟ್ಟದ್ದಲ್ಲ. ಬೇಕಾದಾಗ ತಯಾರಾಗಿ, ಕೋಶದ ಪೊರೆ ದಾಟಿ ಸ್ನಾಯುವನ್ನು ಸೇರುತ್ತದೆ. ಅಷ್ಟು ವರ್ಷ ಕೈಗೆ ಸಿಗದಿದ್ದುದರಲ್ಲಿ ಅಚ್ಚರಿಯೇನಿಲ್ಲ.

ಎಟಿಪಿ ಸೇರಿದ ಪ್ಯೂರಿನ್ ಗುಂಪಿನ ವಸ್ತುಗಳೂ ಈ ಕೆಲಸದಲ್ಲಿ ಪಾಲುದಾರರು ಎಂದು ಇಂದು ಒಪ್ಪುತ್ತಾರೆ. ಅವುಗಳಲ್ಲಿ ಮುಖ್ಯವಾದದ್ದು ಯಾವುದೆಂಬ ಚರ್ಚೆ ಮುಗಿದಿಲ್ಲ.

ಈ ಅರಿವಿಗೆ ನಾಯಿಗಳು ಜೀವ ತೆತ್ತಿವೆ, ಅದನ್ನು ಹೇಳದೆ ಈ ಕತೆ ಹೇಳಬಾರದು. 1903ರಲ್ಲಿ ಬೇಲಿಸ್ ಪಾಠದಲ್ಲಿ ಬಳಸಿದ ಕಂದು ನಾಯಿಯೊಂದರ ವಿಚಾರವಾಗಿ ಲಂಡನ್ನಿನಲ್ಲಿ ಮೊಕದ್ದಮೆ ನಡೆಯಿತು, ಮುಂದೆ ಬೀದಿಗಲಭೆಗಳೂ ಆದವು.

ಮನುಷ್ಯರಲ್ಲೂ ಇದೇ ನರಗಳಿವೆ. ಅಚಲೇಸಿಯಾ ಕಾಯಿಲೆಯಲ್ಲಿ ಅನ್ನನಾಳದ ಕೆಳತುದಿಯ ಸಡಿಲಿಸುವ ನರಗಳು ಸಾಯುತ್ತವೆ. ನುಂಗಿದ ತುತ್ತು ಹೊಟ್ಟೆಗಿಳಿಯದೆ ಅಲ್ಲೇ ನಿಲ್ಲುತ್ತದೆ. ವೈದ್ಯರು ಆ ಸ್ನಾಯುವನ್ನು ಹಿಗ್ಗಿಸುತ್ತಾರೆ ಅಥವಾ ಕೊಯ್ಯುತ್ತಾರೆ. ಸತ್ತ ನರವನ್ನು ಮರಳಿ ಕೊಡುವ ಚಿಕಿತ್ಸೆ ಇನ್ನೂ ಬಂದಿಲ್ಲ.