ಇವತ್ತು ಏನು ಅಡುಗೆ?

ಚೆನ್ನೈನಿಂದ ಪೂರ್ವ ಕರಾವಳಿ ರಸ್ತೆ ಹಿಡಿದು ದಕ್ಷಿಣಕ್ಕೆ ಬಂದರೆ ಕೋವಳಂ ಸಿಗುತ್ತದೆ, ಮೀನುಗಾರರ ಊರು. ಅಲ್ಲಿಯ ಒಂದು ಬಾಡಿಗೆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಆ ಸಪ್ಪಳ ಕೇಳಿ ಬೆಳೆದವರಿಗೆ ಅದು ಬೇರೆ ಯಾವುದೋ ಎಂಬ ಅನುಮಾನವೇ ಬರುವುದಿಲ್ಲ. ತಮಿಳು ಸೀಮೆಯ ಸಮುದ್ರದ ದಂಡೆಯಲ್ಲಿ ಜೋಳದ ರೊಟ್ಟಿ!

ಬಡಿಯುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬ ಅಕ್ಕ. ಧಾರವಾಡದ ಕಡೆಯವರು. ಹೆಸರು ಬರೆಯಬೇಡಿ ಎಂದರು. "ಬರ್ರಿ, ಒಳಗ ಬರ್ರಿ. ಕನ್ನಡದಾಗ ಮಾತಾಡಿ ಭಾಳ ದಿನ ಆತು." ತಲೆಯೊಳಗೆ ಯಾರೋ ಬಿಡದೆ ಮಾತಾಡುತ್ತಿದ್ದ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿದ್ದು ಅವರಿಗೆ ನೆನಪಿದೆ, ಇಳಿದದ್ದು ನೆನಪಿಲ್ಲ. ಮುಂದಿನ ವರ್ಷಗಳು ಬೀದಿಯಲ್ಲಿ, ಆಮೇಲೆ ಆಸರೆಯ ಕೇಂದ್ರದಲ್ಲಿ ಕಳೆದವು. ತವರಿನಲ್ಲಿ ಈಗ ಕರೆಯುವವರು ಯಾರೂ ಉಳಿದಿಲ್ಲ.

ಇಲ್ಲಿಯ ಅಂಗಡಿಯಲ್ಲಿ ಜೋಳದ ಹಿಟ್ಟಿಗೆ ಚೋಳ ಮಾವು ಎನ್ನುತ್ತಾರೆ. "ಹಳೇ ಹಿಟ್ಟು ಕೊಡ್ತಾನ್ರಿ ಅಂವ. ಹಳೇದಾದ್ರ ಜಿಗಿ ಬರೂದಿಲ್ಲ" ಎಂದು ದೂರಿದರು. ಅದಕ್ಕೇ ಕುದಿಯುವ ಎಸರು ಹಾಕಿ, ಬಿಸಿ ಆರುವ ಮೊದಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಔಷಧಿಯ ದೆಸೆಯಿಂದ ಅವರ ಬಲಗೈ ಸುಮ್ಮನೆ ಇಟ್ಟುಕೊಂಡಾಗ ಸಣ್ಣಗೆ ನಡುಗುತ್ತದೆ. ಅದೇ ಕೈ ಹಿಟ್ಟಿನ ಮೇಲೆ ಬಿತ್ತೆಂದರೆ ನಡುಕ ಕಾಣುವುದಿಲ್ಲ. ರೊಟ್ಟಿ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಉಬ್ಬುವವರೆಗೆ ಕಣ್ಣು ಕೀಳದೆ ನಿಲ್ಲುತ್ತಾರೆ.

ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದರು. ಕೋವಳಂನವರೇ, ಈ ಮನೆಯ ಸಹಾಯಕಿ. ಒಂದು ರೊಟ್ಟಿ ಅಂಚಿನಲ್ಲಿ ಹರಿದಾಗ ಅವರ ಕೈ ಮುಂದೆ ಬಂತು, ಅಲ್ಲೇ ನಿಂತಿತು. ಅಕ್ಕನೇ ಹರಿದದ್ದನ್ನು ಕೂಡಿಸಿ ಮತ್ತೆ ಬಡಿದರು. ಆಮೇಲೆ ಸಹಾಯಕಿ ಹೇಳಿದರು: ಮೊದಮೊದಲು ಬೇಗ ಮುಗಿಯಲಿ ಅಂತ ಎಲ್ಲವನ್ನೂ ನಾನೇ ಮಾಡಿಬಿಡುತ್ತಿದ್ದೆ, ಸುಮ್ಮನೆ ಕಾಯುವುದನ್ನು ಕಲಿಯಲು ಬಹಳ ದಿನ ಹಿಡಿಯಿತು. ಈ ಕೆಲಸದ ಜೀವ ಆ ಕಾಯುವಿಕೆಯಲ್ಲೇ ಇದೆ ಎಂದು ನನಗೆ ಅನ್ನಿಸಿತು.

ಮನೆಯಲ್ಲಿ ನಾಲ್ವರಿದ್ದಾರೆ. ಒಬ್ಬರಿಗೆ ತೆಲುಗು, ಇಬ್ಬರಿಗೆ ತಮಿಳು, ಅಕ್ಕನಿಗೆ ಕನ್ನಡ. ಬೆಳಿಗ್ಗೆ ಎದ್ದ ಕೂಡಲೇ ನಡೆಯುವ ಮಾತು ಒಂದೇ, ಇವತ್ತು ಏನು ಅಡುಗೆ? ನಮ್ಮ ನಿಮ್ಮ ಮನೆಗಳಲ್ಲಿ ಬೇಸರ ಹುಟ್ಟಿಸುವ ಪ್ರಶ್ನೆ ಇದು. ಆದರೆ ಆಸ್ಪತ್ರೆ, ಆಸರೆಯ ಕೇಂದ್ರಗಳಲ್ಲಿ ವರ್ಷಗಟ್ಟಲೆ ಗಂಟೆ ಹೊಡೆದಾಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರನ್ನು ಯಾರೂ ಇದನ್ನು ಕೇಳಿರುವುದಿಲ್ಲ.

ಈ ಮನೆಯ ಹಿಂದಿರುವ ಸಂಸ್ಥೆ ದಿ ಬನ್ಯಾನ್. 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ತರುಣಿಯರು ಚೆನ್ನೈನಲ್ಲಿ ಇದನ್ನು ಶುರು ಮಾಡಿದರು. ಮನೋರೋಗದಿಂದ ನರಳುತ್ತಾ ಬೀದಿಯಲ್ಲಿದ್ದ ಒಬ್ಬ ಹೆಂಗಸಿಗೆ ನೆಲೆ ಹುಡುಕಲು ಹೊರಟು, ಎಲ್ಲೂ ಸಿಗದೆ, ತಾವೇ ನೆಲೆ ಕಟ್ಟಿದರು. ಮೊಗಪ್ಪೇರಿನಲ್ಲಿ ಎದ್ದ ಆಸರೆಯ ಕೇಂದ್ರಕ್ಕೆ ಅಡೈಕ್ಕಲಂ ಎಂದು ಹೆಸರು. ಗುಣವಾದ ಅನೇಕರು ತಮ್ಮ ಊರು ಸೇರಿಕೊಂಡರು. ಮನೆಯವರು ಸಿಗದವರು, ಸಿಕ್ಕರೂ ಬೇಡವೆನಿಸಿಕೊಂಡವರು ಅಲ್ಲೇ ಉಳಿದರು. ಅವರಿಗಾಗಿ 2015ರಲ್ಲಿ 'ಹೋಮ್ ಅಗೇನ್' ಆರಂಭವಾಯಿತು.

ಇದರ ಪದ್ಧತಿ ಸರಳ. ನಾಲ್ಕೈದು ಜನ ತಮಗೆ ಹೊಂದುವವರನ್ನು ತಾವೇ ಆರಿಸಿಕೊಳ್ಳುತ್ತಾರೆ. ಸಾಮಾನ್ಯ ಓಣಿಯಲ್ಲಿ ಸಾಮಾನ್ಯ ಮನೆ ಬಾಡಿಗೆಗೆ ಹಿಡಿಯುತ್ತಾರೆ. ಬೇಕಾದಷ್ಟು ಹೊತ್ತು ಜೊತೆಗಿರಲು ತರಬೇತಿ ಪಡೆದ ಸಹಾಯಕಿ ಇರುತ್ತಾಳೆ, ಔಷಧಿ ಮತ್ತು ಆರೈಕೆ ನೋಡಿಕೊಳ್ಳುವವರು ಬಂದುಹೋಗುತ್ತಾರೆ. ಕೆಲವು ವರ್ಷಗಳ ಹಿಂದಿನ ಲೆಕ್ಕದಲ್ಲಿ ತಲೆಗೆ ತಿಂಗಳಿಗೆ ಸುಮಾರು ಒಂಬತ್ತು ಸಾವಿರ ರೂಪಾಯಿ ಖರ್ಚಾಗುತ್ತಿತ್ತು. ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಆಗುತ್ತಿದ್ದುದರ ಮೂರನೇ ಒಂದು ಭಾಗವೂ ಅಲ್ಲ. ಕೇರಳ, ಮಹಾರಾಷ್ಟ್ರ, ಅಸ್ಸಾಂಗಳಿಗೂ ಇದು ಹಬ್ಬಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ಆರೋಗ್ಯ ಸೇವೆಗಳ ಕುರಿತ ತನ್ನ ಮಾರ್ಗದರ್ಶಿಯಲ್ಲಿ ಜಗತ್ತಿನ ಒಳ್ಳೆಯ ಮಾದರಿಗಳನ್ನು ಪರಿಚಯಿಸಿದಾಗ ಇದನ್ನೂ ಸೇರಿಸಿತು.

ಕಾನೂನು ಕೂಡ ಇವರ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಕುಟುಂಬವಿಲ್ಲ ಅಥವಾ ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಮಾಜದ ನಡುವೆ ಬಾಳುವುದು ಅವರ ಹಕ್ಕು, ಅದಕ್ಕೆ ಬೇಕಾದ ವಸತಿ ಏರ್ಪಡಿಸುವುದು ಸರ್ಕಾರದ ಹೊಣೆ. ಆದರೂ 2019ರಲ್ಲಿ ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸಮೀಕ್ಷೆ ನಡೆದಾಗ, ಒಳಗಿದ್ದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ವರ್ಷ ದಾಟಿದವರೇ ಇದ್ದರು.

ನಮ್ಮ ಬೆಂಗಳೂರು ಈ ದಾರಿಯಲ್ಲಿ ಬಹಳ ಹಿಂದೆಯೇ ಹೆಜ್ಜೆ ಇಟ್ಟ ಊರು. ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸಂಸ್ಥೆಗಳು ದಶಕಗಳಿಂದ ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳನ್ನು ನಡೆಸಿಕೊಂಡು ಬಂದಿವೆ. ಆದರೆ ತಂಗುಮನೆಯ ಅವಧಿ ಮುಗಿದ ಮೇಲೆ, ಹಿಂದಿರುಗಲು ಮನೆಯೇ ಇಲ್ಲದವರು ಎಲ್ಲಿಗೆ ಹೋಗಬೇಕು? ಅವರಿಗೆ ಬೇಕಾದದ್ದು ಕೋವಳಂನಲ್ಲಿರುವಂಥ ಬಾಡಿಗೆ ಮನೆಗಳು, ಅದೂ ಕನ್ನಡ ಮಾತಾಡುವ ಓಣಿಗಳಲ್ಲಿ.

ಇಂಥ ಮನೆ ನಡೆಸುವುದರಲ್ಲಿ ಕಷ್ಟ ಯಾವುದು ಎಂದು ಸಹಾಯಕಿಯನ್ನು ಕೇಳಿದೆ. ಔಷಧಿ, ಹಣ, ಜಗಳಗಳ ಮಾತು ಬರಬಹುದೆಂದುಕೊಂಡಿದ್ದೆ. "ಮನೆ ಸಿಗುವುದು" ಎಂದರು. ಫೋನಿನಲ್ಲಿ ಒಪ್ಪಿದ ಮಾಲೀಕರು ಯಾರು ಬರುತ್ತಾರೆಂದು ತಿಳಿದ ಮೇಲೆ ಮನೆ ಆಗಲೇ ಹೋಯಿತು ಎನ್ನುತ್ತಾರಂತೆ. ಈ ಮನೆಯ ಮಾಲೀಕರು ಒಪ್ಪಿದರು. ಈಗ ಅವರ ಮನೆಗೆ ಆಗೀಗ ಎರಡು ರೊಟ್ಟಿ ಹೋಗುತ್ತವೆ.

ಹೊರಡುವಾಗ ಅಕ್ಕ ನಾಲ್ಕು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟರು. ಧಾರವಾಡದಲ್ಲಿ ಈಗ ಮಳೆ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. "ಹೌದಾ" ಎಂದು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತರು.

ನಿಮ್ಮ ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ತೂಗುಹಾಕಿದ್ದು, ಇಂಥವರ ಪರವಾಗಿ ಯಾರಾದರೂ ಬಂದು ಕೇಳಿದರೆ, ಇಲ್ಲ ಎನ್ನುವ ಮೊದಲು ಅವರನ್ನು ಒಳಗೆ ಕರೆದು ಕೂರಿಸಿ ಮಾತಾಡಿ.