ನಿಲ್ಲಲಾರದ ಓಟ

ವ್ಯಸನವೆಂದೊಡನೆ ನಮ್ಮ ಕಣ್ಣೆದುರು ಸುಳಿಯುವುದು ಮದ್ಯದ ಬಟ್ಟಲು, ಇಲ್ಲವೆ ಇಸ್ಪೀಟಿನ ಎಲೆ. ಬೆಳಗಿನ ಜಾವದಲ್ಲೆದ್ದು ಮೈಲಿಗಟ್ಟಲೆ ಓಡುವವನನ್ನು ಯಾರೂ ವ್ಯಸನಿಯೆನ್ನರು. ಮಕ್ಕಳಿಗೆ ಅವನನ್ನೇ ಮಾದರಿಯೆಂದು ತೋರಿಸುತ್ತೇವೆ. ಕೆಲವರಲ್ಲಿ ವ್ಯಾಯಾಮವೇ ಕಾಯಿಲೆಯಾಗಿ, ಅದು ಬಹುಕಾಲ ಮರೆಯಲ್ಲಿ ಉಳಿಯುವುದಕ್ಕೆ ಈ ಮೆಚ್ಚುಗೆಯೂ ಒಂದು ಕಾರಣ.

ಅಮೆರಿಕದ ಮನೋವೈದ್ಯ ಫ್ರೆಡರಿಕ್ ಬೇಕ್‌ಲ್ಯಾಂಡ್ 1970ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ವ್ಯಾಯಾಮ ಬಿಟ್ಟವರ ನಿದ್ರೆ ಹೇಗೆ ಬದಲಾಗುವುದೆಂದು ಅರಿಯುವುದು ಅವರ ಉದ್ದೇಶ. ಒಂದು ತಿಂಗಳು ವ್ಯಾಯಾಮ ನಿಲ್ಲಿಸಿದರೆ ಹಣ ಕೊಡುವೆವೆಂದರೂ, ವಾರಕ್ಕೆ ಐದಾರು ದಿನ ವ್ಯಾಯಾಮ ಮಾಡುವವರು ಒಪ್ಪಲಿಲ್ಲ. ಅವರಿಗಿಂತ ಕಡಿಮೆ ಮಾಡುವವರನ್ನೇ ಆರಿಸಿಕೊಳ್ಳಬೇಕಾಯಿತು. ಅವರೂ ನಿದ್ರೆ ಕೆಟ್ಟಿತು, ಆತಂಕ ಹೆಚ್ಚಿತು ಎಂದರು.

ಮಿತಿಯ ಮಾತು ನಮಗೆ ಹೊಸದಲ್ಲ. ಬಲಶಾಲಿಯೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡತಕ್ಕದ್ದೆಂದು ವಾಗ್ಭಟನ ಅಷ್ಟಾಂಗಹೃದಯ ವಿಧಿಸುತ್ತದೆ; ಮಿತಿ ಮೀರಿದವನನ್ನು ಆನೆಯನ್ನೆಳೆಯಹೋಗಿ ತಾನೇ ಅಳಿಯುವ ಸಿಂಹಕ್ಕೆ ಹೋಲಿಸುತ್ತದೆ. ಆದರೆ ವ್ಯಸನಿಯ ಸಂಕಟ ಮಿತಿ ತಿಳಿಯದಿರುವುದಲ್ಲ, ತಿಳಿದೂ ನಿಲ್ಲಲಾಗದಿರುವುದು.

ಆದ್ದರಿಂದ ಗಂಟೆಗಳನ್ನು ಎಣಿಸಿ ಇದನ್ನು ಗುರುತಿಸಲಾಗದು. ಗರಡಿಯ ಪೈಲ್ವಾನನೂ ದಿನವೆಲ್ಲ ಬೆವರು ಸುರಿಸಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಈತ ಒಂದು ದಿನ ಸುಮ್ಮನಿರಬಲ್ಲನೆ? ಜ್ವರವಿದ್ದರೂ, ಕಾಲು ನೊಂದಿದ್ದರೂ, ಮನೆಯಲ್ಲಿ ಮದುವೆಯಿದ್ದರೂ ಬಿಡಲಾರದವನು, ಬಿಟ್ಟರೆ ಅಪರಾಧಿಯಂತೆ ಕುದಿಯುವವನು, ಉಂಡ ತುತ್ತನ್ನು ಓಡಿಯೇ ತೀರಿಸಬೇಕೆನ್ನುವವನು ಅಪಾಯದಲ್ಲಿದ್ದಾನೆ. ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆಯೊಡನೆ ಇದು ಅನೇಕ ವೇಳೆ ಕೂಡಿಯೇ ಬರುತ್ತದೆ. ದುಡಿಮೆಗೆ ತಕ್ಕ ಆಹಾರ ಸಿಗದ ದೇಹದಲ್ಲಿ ಎಲುಬು ಸವೆದು ಬಿರುಕು ಬಿಡಬಹುದು. ಹೆಣ್ಣುಮಕ್ಕಳ ಮುಟ್ಟು ನಿಲ್ಲಬಹುದು. 2013ರ ಅಮೆರಿಕದ ಮನೋರೋಗ ಕೈಪಿಡಿ ಇದನ್ನು ಪ್ರತ್ಯೇಕ ರೋಗವೆಂದು ಹೆಸರಿಸಲಿಲ್ಲ. ಹೆಸರಿಲ್ಲದ ಮಾತ್ರಕ್ಕೆ ನೋವು ಸುಳ್ಳಾಗದು.

ಚಿಕಿತ್ಸೆಯ ಮೊದಲ ಹೆಜ್ಜೆ ವೈದ್ಯರಿಂದ ಹೃದಯ, ರಕ್ತ, ಎಲುಬು, ತೂಕಗಳ ಪರೀಕ್ಷೆ. ಬಳಿಕ ಮನಶ್ಶಾಸ್ತ್ರಜ್ಞರ ನೆರವು. ಇಂದು ಓಡದಿದ್ದರೆ ನಾನು ಕೆಲಸಕ್ಕೆ ಬಾರದವನು ಎಂಬ ನಂಬಿಕೆಯನ್ನು ಅವರು ವಾದದಿಂದ ಮುರಿಯಹೋಗುವುದಿಲ್ಲ. ಒಂದು ದಿನದ ವಿಶ್ರಾಂತಿಯಿಂದ ಒರೆಗೆ ಹಚ್ಚುವಂತೆ ರೋಗಿಗೆ ಕಲಿಸುತ್ತಾರೆ. ದೇಹ ಕೃಶವಾಗಿದ್ದರೆ ಕೆಲಕಾಲ ವ್ಯಾಯಾಮ ಪೂರ್ತಿ ನಿಲ್ಲಬೇಕಾದೀತು. ಆದರೆ ಸಾಮಾನ್ಯವಾಗಿ ಗುರಿ ಆಜೀವ ನಿಷೇಧವಲ್ಲ; ವಿಶ್ರಾಂತಿಯ ದಿನಗಳೊಡನೆ, ಗೆಳೆಯರ ಜೊತೆಯಲ್ಲಿ, ಲೆಕ್ಕವಿಡದೆ ಮರಳಿ ನಡೆಯುವುದು. ಮೂರ್ಛೆ, ಎದೆನೋವು, ಸಾಯುವ ಮಾತು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯವರು ಬೈದು ಪ್ರಯೋಜನವಿಲ್ಲ, ಹೊಗಳುವುದೂ ತರವಲ್ಲ. ಎಷ್ಟು ದೂರ ಓಡಿದೆ ಎಂದು ಕೇಳುವ ಬದಲು, ಇಂದು ಹೇಗಿದ್ದೀಯಪ್ಪ ಎಂದು ಕೇಳಿದರೆ ಅವನು ಒಂದು ಗಳಿಗೆ ನಿಂತಾನು. ಆ ನಿಲುಗಡೆಯಿಂದಲೇ ಗುಣವಾಗುವುದು ಆರಂಭವಾಗಬಹುದು.